ಅಜ್ಜಿಯ ‘ಬೇಂಕು’, ಮೊಮ್ಮಗನ ‘ಬ್ಯಾಂಕ್’, ನೆರೆಮನೆಯ ‘ಬಾಂಕ್’

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಗೆ ಹೋದರೆ ಮಲಯಾಳ. ಮಗ, ಸೊಸೆ ಬೆಂಗಳೂರಲ್ಲಿದ್ದಾರೆ. ಈ ರಜೆಯಲ್ಲಿ ಬಂದಿದ್ದ ಎಂಟು ವರ್ಷದ ಮೊಮ್ಮಗ, ನನ್ನ ಅತ್ತೆ ‘ಬೇಂಕು’, ‘ಪೇಂಟು’, ‘ಡೆಕ್ಸು’, ‘ಮಾಕ್ಸು’ ಎಂದಾಗಲೆಲ್ಲ ನಕ್ಕು ತಿದ್ದುತ್ತಿದ್ದ. ಅತ್ತೆಗೆ 84 ವರ್ಷ. ಈಗ ಅವನ ಫೋನು ಬಂದರೆ ಅವರು ಮಾತೇ ಕಡಿಮೆ ಮಾಡಿದ್ದಾರೆ. ನಮ್ಮ ಯಜಮಾನರು ತೋಟದ ಮದ್ದಿಗೆ ‘ಬೋರ್ಡೆಕ್ಸ್’ ಅನ್ನುತ್ತಾರೆ. ಮದ್ದು ಬಿಡಲು ಬರುವವರು ‘ಬೋರ್ಡೊ’ ಅನ್ನುತ್ತಾರೆ. ಪಕ್ಕದ ಮನೆಯ ಮಲಯಾಳಿ ಟೀಚರ್ ‘ಬಾಂಕ್’, ‘ಡೋಕ್ಟರ್’, ‘ಫೋಣ್’ ಅನ್ನುತ್ತಾರೆ. ಇದರಲ್ಲಿ ಸರಿ ಯಾವುದು? ಮಕ್ಕಳಿಗೆ ಯಾವುದನ್ನು ಕಲಿಸಬೇಕು? ಅತ್ತೆಯನ್ನು ತಿದ್ದಬೇಕೇ?

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದು ತಡಮಾಡುವಂಥದ್ದಲ್ಲ. ಅತ್ತೆಯನ್ನು ತಿದ್ದಬೇಡಿ. ಅವರ ಒಂದು ಶಬ್ದವೂ ತಪ್ಪಿಲ್ಲ. ಇದು ಹಿರಿಯರ ಮೇಲಿನ ಗೌರವಕ್ಕಾಗಿ ಹೇಳಿದ ಮಾತಲ್ಲ. ಮೂವತ್ತು ವರ್ಷ ಭಾಷಾಶಾಸ್ತ್ರ ಪಾಠ ಮಾಡಿ, ಕುಂಬಳೆಯಿಂದ ಮುಳ್ಳೇರಿಯದವರೆಗೆ ಜನರ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡವನಾಗಿ ಹೇಳುತ್ತಿದ್ದೇನೆ. ನಿಮ್ಮ ಅತ್ತೆ ಆಡುತ್ತಿರುವುದು ಕೆಟ್ಟ ಇಂಗ್ಲಿಷ್ ಅಲ್ಲ, ಒಳ್ಳೆಯ ಕನ್ನಡ. ಶಬ್ದ ಹೊರಗಿನಿಂದ ಬಂದದ್ದು, ಉಚ್ಚಾರದ ನಿಯಮ ಮಾತ್ರ ನಮ್ಮ ಮನೆಯದ್ದು.

ಬೇಂಕಿನಿಂದಲೇ ಸುರು ಮಾಡೋಣ. ಆ ಇಂಗ್ಲಿಷ್ ಶಬ್ದದ ನಡುವಿನ ಸ್ವರವನ್ನು ಹೊರಡಿಸುವಾಗ ನಾಲಗೆ ‘ಏ’ ಅನ್ನುವಲ್ಲಿ ಇರುವಂತೆ ಬಾಯಿಯ ಮುಂದೆ ಇರುತ್ತದೆ, ದವಡೆ ಮಾತ್ರ ‘ಆ’ ಅನ್ನುವಾಗಿನಷ್ಟು ಕೆಳಗೆ ಇಳಿದಿರುತ್ತದೆ. ಎರಡೂ ಒಟ್ಟಿಗೆ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ, ಮಲಯಾಳದಲ್ಲೂ ಇಲ್ಲ. ಹಾಗಿರುವಾಗ ಕೇಳಿದವರು ಏನು ಮಾಡಬೇಕು? ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ಮಲಯಾಳದ ಕಿವಿ ದವಡೆಯನ್ನು ಹಿಡಿಯಿತು, ‘ಬಾಂಕ್’ ಆಯಿತು. ಕರಾವಳಿಯ ಕಿವಿ ನಾಲಗೆಯನ್ನು ಹಿಡಿಯಿತು, ‘ಬೇಂಕು’ ಆಯಿತು. ಇಬ್ಬರೂ ಅರ್ಧ ಉಳಿಸಿಕೊಂಡರು, ಅರ್ಧ ಬಿಟ್ಟರು. ಲೆಕ್ಕ ಸಮ.

ಹಾಗಾದರೆ ಬೆಂಗಳೂರಿನ ‘ಬ್ಯಾಂಕ್’ ಎಲ್ಲಿಂದ ಬಂತು? ಘಟ್ಟದ ಮೇಲೆ ಇಂಗ್ಲಿಷ್ ಬರುವ ಮೊದಲೇ ಆ ಸ್ವರ ಜನರ ಬಾಯಲ್ಲಿತ್ತು. ಅಲ್ಲಿ ಆಡುಮಾತಿನಲ್ಲಿ ಬೇಡ ‘ಬ್ಯಾಡ’ ಆಗುತ್ತದೆ, ಪೇಟೆ ‘ಪ್ಯಾಟೆ’, ಬೇಸಿಗೆ ‘ಬ್ಯಾಸಿಗೆ’, ಹೇಗೆ ‘ಹ್ಯಾಗೆ’. ಇಂಗ್ಲಿಷ್ ಶಬ್ದ ಬಂದಾಗ ಅದಕ್ಕೆ ಕೂರಲು ಮಣೆ ಮೊದಲೇ ಹಾಕಿತ್ತು. ನಮ್ಮಲ್ಲಿ ಬೇಡ ಬೇಡವೇ, ಪೇಟೆ ಪೇಟೆಯೇ. ಮಣೆ ಇರಲಿಲ್ಲ, ಹತ್ತಿರದ ‘ಏ’ಯಲ್ಲಿ ಕೂರಿಸಿದೆವು. ‘ಬ್ಯಾಡ’ ಅನ್ನುವವರು ‘ಬ್ಯಾಂಕು’ ಅನ್ನುತ್ತಾರೆ, ‘ಬೇಡ’ ಅನ್ನುವವರು ‘ಬೇಂಕು’ ಅನ್ನುತ್ತಾರೆ. ಮುಂದಿನ ಸಲ ಮೊಮ್ಮಗ ನಕ್ಕರೆ ಇದನ್ನೇ ಹೇಳಿ ನೋಡಿ. ಎಂಟು ವರ್ಷದ ಮಕ್ಕಳಿಗೆ ನಿಯಮ ಎಂದರೆ ಬಹಳ ಇಷ್ಟ.

ಇದೇ ಒಂದು ನಿಯಮದಿಂದ ನಮ್ಮಲ್ಲಿ ಗೇಸು, ಟೇಕ್ಸಿ, ಬಸ್‌ಸ್ಟೇಂಡು, ಗಾಳಿ ಹಾಕುವ ಪೇನು ಎಲ್ಲ ಬರುತ್ತವೆ. ಪೇಂಟು ಕೂಡ. ಅದರಲ್ಲಿ ಮಾತ್ರ ಒಂದು ತೊಡಕಿದೆ, ಒಪ್ಪುತ್ತೇನೆ: ಗೋಡೆಗೆ ಹಚ್ಚುವ ಬಣ್ಣವೂ ಪೇಂಟು, ಕಾಲಿಗೆ ಹಾಕುವುದೂ ಪೇಂಟು. ಆದರೆ ‘ಪೇಂಟಿಗೆ ಪೇಂಟು ತಾಗಿತು’ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ಯಾವುದಕ್ಕೆ ಯಾವುದು ತಾಗಿತೆಂದು ಯಾರೂ ಕೇಳುವುದಿಲ್ಲ. ‘ಹತ್ತು’ ಎಂದರೆ ಏರುವುದೋ ಒಂಬತ್ತರ ಮುಂದಿನದೋ ಎಂದು ನಾವು ಕೇಳುತ್ತೇವೆಯೇ? ಹಾಗೆಯೇ ಇದು. ಟೀಚರ ಬಾಯಲ್ಲಿ ಕಾಲಿನದ್ದು ‘ಪಾಂಟ್’, ಗೋಡೆಯದ್ದು ‘ಪೆಯಿಂಟ್’. ನಮ್ಮ ಕಿವಿಗೆ ಆ ಕೊನೆಯ ‘ಟ್’ ಹೆಚ್ಚುಕಡಿಮೆ ‘ಡ್’ ಎಂದೇ ಕೇಳುತ್ತದೆ. ಅವರು ‘ಕರೆಂಟು ಹೋಯಿತು’ ಎಂದು ಮಲಯಾಳದಲ್ಲಿ ಹೇಳುವಾಗ ಗಮನವಿಟ್ಟು ಕೇಳಿ. ಅನುನಾಸಿಕದ ಬಳಿಕ ಬರುವ ಇಂಥ ವ್ಯಂಜನ ಘೋಷವಾಗುವುದು, ಅಂದರೆ ‘ಟ್’ ಹೋಗಿ ‘ಡ್’ನಂತೆ ಆಗುವುದು, ಮಲಯಾಳದ ನಿಯಮ. ಕನ್ನಡಕ್ಕೆ ಆ ನಿಯಮವಿಲ್ಲ, ಯಾಕೆಂದರೆ ನಮಗೆ ಕಂಪು ಬೇರೆ, ಕಂಬ ಬೇರೆ.

ಡೋಕ್ಟರಿಗೆ ಬರುತ್ತೇನೆ. ಇಂಗ್ಲೆಂಡಿನವರು ಆ ಶಬ್ದದ ಮೊದಲ ಸ್ವರವನ್ನು ಬಾಯಿ ಅಗಲ ತೆರೆದು, ತುಟಿಯನ್ನು ಸ್ವಲ್ಪ ಉರುಟು ಮಾಡಿ ಹೇಳುತ್ತಾರೆ. ಇಲ್ಲಿಯೂ ಎರಡು ಕೆಲಸ ಒಟ್ಟಿಗೆ. ಈ ಸಲ ಕನ್ನಡಿಗರು ತೆರೆದ ಬಾಯಿಯನ್ನು ಹಿಡಿದರು: ಡಾಕ್ಟ್ರು, ಲಾರಿ, ಕಾಲೇಜು, ಆಪೀಸು. ಮಲಯಾಳಿಗಳು ಉರುಟು ತುಟಿಯನ್ನು ಹಿಡಿದರು: ಡೋಕ್ಟರ್, ಲೋರಿ, ಕೋಳೇಜ್, ಓಫೀಸ್. ಅಮೆರಿಕದಲ್ಲಿ ಹೆಚ್ಚಿನವರು ತುಟಿಯನ್ನು ಉರುಟು ಮಾಡುವುದೇ ಇಲ್ಲ. ಅವರ ಡಾಕ್ಟರು ನಮ್ಮ ಡಾಕ್ಟರಿಗೆ ಹತ್ತಿರ. ಲಂಡನ್ನಿನ ಕಡೆಯವರದ್ದು ಟೀಚರ ಡೋಕ್ಟರಿಗೆ ಹತ್ತಿರ. ಇಬ್ಬರಲ್ಲಿ ಯಾರು ಇಂಗ್ಲಿಷ್ ತಪ್ಪಿ ಮಾತಾಡುತ್ತಿದ್ದಾರೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಯಾಕೆಂದರೆ ಆ ಪ್ರಶ್ನೆಗೆ ಅರ್ಥವಿಲ್ಲ.

ಟೀಚರ ‘ಫೋಣ್’ ನನಗೆ ಬಹಳ ಹಿಡಿಸಿದ ಶಬ್ದ. ಮಲಯಾಳದಲ್ಲಿ ಅದನ್ನು ಬರೆಯುವುದೂ ಣ-ಕಾರದಿಂದಲೇ. ಹಾಗೆಯೇ ‘ಟೌಣ್’, ‘ಲೋಣ್’. ಶಾಲೆಗೆ ‘ಸ್ಕೂಳ್’, ದೊಡ್ಡ ಕೋಣೆಗೆ ‘ಹಾಳ್’, ಕಾಲ್ಚೆಂಡಿಗೆ ‘ಫುಟ್ಬೋಳ್’. ಇದು ಸುಮ್ಮನೆ ಬಂದದ್ದಲ್ಲ. ಇಂಗ್ಲಿಷಿನಲ್ಲಿ ಶಬ್ದದ ಕೊನೆಗೆ ಬರುವ ಲ-ಕಾರ ಮೊದಲಿಗೆ ಬರುವ ಲ-ಕಾರದಂತೆ ತೆಳುವಲ್ಲ, ನಾಲಗೆಯ ಹಿಂಭಾಗ ಏರಿ ದಪ್ಪಗಾಗುತ್ತದೆ. ಆ ದಪ್ಪವನ್ನು ಮಲಯಾಳದ ಕಿವಿ ಗುರುತಿಸಿ ತನ್ನಲ್ಲಿರುವ ಳ-ಕಾರವನ್ನು ಕೊಟ್ಟಿತು. ನಮ್ಮಲ್ಲೂ ಳ ಇದೆ, ನಾವು ಕೊಡಲಿಲ್ಲ, ಎರಡಕ್ಕೂ ಲ-ಕಾರವನ್ನೇ ಹಾಕಿದೆವು. ಹಾಗಾಗಿ ಮದುವೆಯ ‘ಹಾಲು’ ನಮಗೆ ಕುಡಿಯುವ ಹಾಲಿನಂತೆ ಕೇಳುತ್ತದೆ, ಅವರ ‘ಹಾಳ್’ ನಮಗೆ ಹಾಳುಬಿದ್ದದ್ದರಂತೆ ಕೇಳುತ್ತದೆ. ಇಲ್ಲಿ ಮಲಯಾಳಿಗಳ ಕಿವಿ ನಮ್ಮದಕ್ಕಿಂತ ಸೂಕ್ಷ್ಮವಾಗಿ ಕೇಳಿದೆ ಎಂದೇ ನನ್ನ ಅಭಿಪ್ರಾಯ.

ಒಂದೇ ಊರಲ್ಲಿ ಇಷ್ಟು ಬಗೆ ಯಾಕೆ ಎಂದರೆ ಇಂಗ್ಲಿಷ್ ನಮ್ಮ ಜಿಲ್ಲೆಗೆ ಎರಡು ದಾರಿಯಲ್ಲಿ ಬಂದಿದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ದೊಡ್ಡ ಆಸ್ಪತ್ರೆ, ಕಾಲೇಜು, ಜಿಲ್ಲಾ ಕಚೇರಿ ಎಂದರೆ ಮಂಗಳೂರು. ನಿಮ್ಮ ಅತ್ತೆ ಹುಟ್ಟಿ ಬೆಳೆದು ಬೇಂಕು, ಬಸ್ಸು, ಡಾಕ್ಟ್ರು ಎಂಬ ಶಬ್ದಗಳನ್ನು ಕಲಿತದ್ದು ಆ ಕಾಲದಲ್ಲಿ, ಬಡಗಿನಿಂದ ಬಂದ ಬಾಯಿಗಳಿಂದ. ಆಮೇಲೆ ನಾವು ಕಣ್ಣೂರು ಜಿಲ್ಲೆಯೊಳಗಾದೆವು, 1984ರಲ್ಲಿ ಬೇರೆ ಜಿಲ್ಲೆಯಾದೆವು; ಕಚೇರಿಯ ಶಬ್ದಗಳು ತೆಂಕಿನಿಂದ ಬರತೊಡಗಿದವು. ತೆರಿಗೆ ಕಟ್ಟಲು ‘ವಿಲ್ಲೇಜಿಗೆ’, ಅಂದರೆ ವಿಲ್ಲೇಜ್ ಆಪೀಸಿಗೆ, ಹೋಗುವುದು ಹಾಗೆ ಬಂದ ಮಾತು. ಪುತ್ತೂರಿನ ನೆಂಟರಿಗೆ ‘ವಿಲ್ಲೇಜಿಗೆ ಹೋಗಿ ಬರುತ್ತೇನೆ’ ಎಂದರೆ ಅವರು ಯಾವ ಹಳ್ಳಿ ಎಂದು ಕೇಳಿಯಾರು. ಕೇರಳ ಸರಕಾರ 1967ರಲ್ಲಿ ಲಾಟರಿ ಸುರು ಮಾಡಿದ ಮೇಲೆ ‘ಲೋಟರಿ’ ಎಂಬ ಉಚ್ಚಾರ ಪೇಟೆಯ ಮೂಲೆಮೂಲೆಯಲ್ಲಿ ಕೂಗಿ ಕೇಳಿಸಿತು. ಹಾಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಡಾಕ್ಟ್ರು ಮಾತ್ರ ‘ಡಾ’, ಲೋಟರಿ ಮಾತ್ರ ‘ಲೋ’. ಒಂದೇ ಸ್ವರಕ್ಕೆ ಒಂದೇ ಬಾಯಲ್ಲಿ ಎರಡು ಉಚ್ಚಾರ. ಅದನ್ನು ಕೇಳಿದರೆ ಯಾವ ಶಬ್ದ ಯಾವ ದಿಕ್ಕಿನಿಂದ ಮನೆಗೆ ಬಂತೆಂದು ಹೇಳಬಹುದು.

ಬಂದ ಶಬ್ದ ಮನೆಯದ್ದಾಯಿತು ಎಂದು ತಿಳಿಯುವುದು ಹೇಗೆ? ವಿಭಕ್ತಿ ಪ್ರತ್ಯಯ ಹತ್ತಿದ ದಿನ. ನಿಮ್ಮ ಅತ್ತೆ ‘ಎನಗೆ ಬೇಂಕಿಂಗೆ ಹೋಪಲಿದ್ದು’ ಎನ್ನುತ್ತಾರಲ್ಲ, ಆ ‘ಇಂಗೆ’ ನೋಡಿ. ತೋಟದ ಕೆಲಸದವರು ತುಳುವಿನಲ್ಲಿ ‘ಬೇಂಕ್‌ಗ್’ ಅನ್ನುತ್ತಾರೆ, ಟೀಚರು ‘ಬಾಂಕಿಲೇಕ್ಕ್’. ಮೂವರೂ ಒಂದೇ ಕಟ್ಟಡಕ್ಕೆ ಹೋಗುವವರು. ಇಂಗ್ಲಿಷ್ ಶಬ್ದ ಮೂರು ಮನೆಯಲ್ಲೂ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತಿದೆ.

ಇನ್ನು ‘ಉ’ಕಾರ. ಮೊಮ್ಮಗನಿಗೆ ‘ಬಸ್ಸು’, ‘ಪೆನ್ನು’ ಕೇಳಿದರೂ ನಗು ಬರುತ್ತದೆಯೋ ಏನೋ. ಅವನನ್ನು ಕೂರಿಸಿಕೊಂಡು ಒಂದು ಆಟ ಆಡಿ. ಬಸ್ ಎಂಬುದಕ್ಕೆ ಉ ಸೇರಿಸಿದರೆ ಬಸ್ಸು, ಎರಡು ಸ. ಪೆನ್ ಎಂಬುದಕ್ಕೆ ಪೆನ್ನು, ಎರಡು ನ. ಕಾರ್ ಎಂಬುದಕ್ಕೆ ಕಾರು, ಒಂದೇ ರ. ಬಾರ್ ಎಂಬುದಕ್ಕೆ ಬಾರು. ಯಾರೂ ‘ಕಾರ್ರು’ ಅನ್ನುವುದಿಲ್ಲ, ಯಾರೂ ‘ಬಸು’ ಅನ್ನುವುದಿಲ್ಲ. ಯಾಕೆ? ಕಣ್ ಎಂಬುದು ಕಣ್ಣು ಆಯಿತು, ಕಲ್ ಎಂಬುದು ಕಲ್ಲು. ಆದರೆ ಕಾಲ್ ಎಂಬುದು ಕಾಲು, ನೀರ್ ಎಂಬುದು ನೀರು. ಸ್ವರ ಗಿಡ್ಡವಾದರೆ ವ್ಯಂಜನ ಇಮ್ಮಡಿ, ಉದ್ದವಾದರೆ ಒಂಟಿ. ಹಳಗನ್ನಡದಿಂದ ನಡೆದುಬಂದ ನಿಯಮ ಇದು. ಇದನ್ನು ಶಾಲೆಯಲ್ಲಿ ಯಾರೂ ಅತ್ತೆಗೆ ಕಲಿಸಿರಲಿಕ್ಕಿಲ್ಲ. ಮೊದಲ ಬಸ್ಸು ಊರಿಗೆ ಬಂದ ದಿನ, ಅದಕ್ಕೆ ಮೊದಲು ಎಂದೂ ಕೇಳದ ಶಬ್ದಕ್ಕೆ, ಓದು ಬಾರದವರೂ ಈ ನಿಯಮವನ್ನು ತಪ್ಪದೆ ಹಚ್ಚಿದರು. ಇದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಡಾಕ್ಟ್ರು, ಹೋಟ್ಲು, ಪೇಪ್ರು, ಬಾಟ್ಲಿ ಇವೂ ಹೀಗೆಯೇ. ಕನ್ನಡದಲ್ಲಿ ಶಬ್ದದ ಮೊದಲ ಅಕ್ಷರಕ್ಕೆ ಬಲ. ಹೆಸರು ‘ಹೆಸ್ರು’, ಕುದುರೆ ‘ಕುದ್ರೆ’, ಕೆಲಸ ‘ಕೆಲ್ಸ’ ಆಗುವಂತೆ ನಡುವಿನ ಸ್ವರ ಬಿದ್ದುಹೋಗುತ್ತದೆ. ಇಂಗ್ಲಿಷಿನವರು ಹೋಟೆಲಿನ ಎರಡನೇ ಭಾಗವನ್ನು ಒತ್ತುತ್ತಾರೆ, ನಾವು ಅದನ್ನೇ ನುಂಗಿಬಿಟ್ಟೆವು. ಡಾಕ್ಟ್ರು, ಮಾಷ್ಟ್ರು ಶಬ್ದಗಳಲ್ಲಿ ಇನ್ನೊಂದು ಚೆಂದ ಸೇರಿದೆ. ಇಂಗ್ಲಿಷಿನ ಕೊನೆಯ ರ-ಕಾರಕ್ಕೆ ಉ ಹತ್ತಿ ‘ರು’ ಆದದ್ದು ನಮ್ಮ ಗೌರವದ ‘ರು’ವಿನೊಂದಿಗೆ ಬೆರೆತುಹೋಯಿತು, ‘ಡಾಕ್ಟ್ರು ಬಂದ್ರು’, ‘ಮಾಷ್ಟ್ರು ಹೇಳಿದ್ರು’. ಅದೇ ಮಾಸ್ಟರ್ ಎಂಬ ಶಬ್ದ ಮೈಸೂರಿನ ಕಡೆ ಮೇಷ್ಟ್ರು, ಧಾರವಾಡದ ಕಡೆ ಮಾಸ್ತರ, ನಮ್ಮಲ್ಲಿ ಮಾಷ್ಟ್ರು, ಹೊಳೆ ದಾಟಿದರೆ ಮಾಶ್. ಚಂದ್ರಗಿರಿ ಹೊಳೆಯ ಆಚೆ ಈಚೆ ಎರಡೂ ಕಡೆ ಪಾಠ ಹೇಳಿದ ಒಬ್ಬರೇ ಮಾಷ್ಟ್ರನ್ನು ಎರಡು ಹೆಸರಲ್ಲಿ ಕರೆಯುವುದನ್ನು ನಾನು ಕೇಳಿದ್ದೇನೆ. ಅವರು ಎರಡಕ್ಕೂ ತಿರುಗಿ ನೋಡುತ್ತಿದ್ದರು.

ಡೆಸ್ಕಿನಿಂದ ಬಂದ ಡೆಕ್ಸು, ಮಾಸ್ಕಿನಿಂದ ಬಂದ ಮಾಕ್ಸು ಬೇರೆ ಜಾತಿಯವು. ಇಲ್ಲಿ ಸ್ವರ ಬದಲಾಗಲಿಲ್ಲ, ಎರಡು ವ್ಯಂಜನ ಜಾಗ ಬದಲಿಸಿಕೊಂಡವು: ಸ್ಕ ಹೋಗಿ ಕ್ಸ. ಪಕ್ಷ, ಲಕ್ಷ, ಭಿಕ್ಷೆ ಎಂದು ಹಗಲಿಡೀ ಆಡುವ ನಾಲಗೆಗೆ ಕ-ಕಾರ ಮುಂದೆ ಬಂದರೆ ಹಗುರ. ವ್ಯಾಕರಣದಲ್ಲಿ ಇದಕ್ಕೆ ವರ್ಣವ್ಯತ್ಯಯ ಎಂದು ಹೆಸರು. ವಾರಾಣಸಿ ಬನಾರಸ್ ಆದದ್ದು ಹೀಗೆ. ಇಂಗ್ಲಿಷಿನಲ್ಲಿಯೂ ಇದು ಬೇಕಾದಷ್ಟು ಆಗಿದೆ. ಹಕ್ಕಿಗೆ ಅವರು ಈಗ ಬರ್ಡ್ ಅನ್ನುತ್ತಾರಲ್ಲ, ಅದು ಹಳೆಯ ಇಂಗ್ಲಿಷಿನಲ್ಲಿ ‘ಬ್ರಿಡ್’. ಕೇಳು ಎಂಬ ಅರ್ಥದ ‘ಆಸ್ಕ್’ ಶಬ್ದಕ್ಕೆ ಸಾವಿರ ವರ್ಷದಿಂದ ‘ಆಕ್ಸ್’ ಎಂಬ ಜೋಡಿ ಇದೆ. 14ನೇ ಶತಮಾನದ ಕವಿ ಚಾಸರನ ಬರಹದಲ್ಲಿ ಆ ರೂಪ ಸಿಗುತ್ತದೆ. ಆಸ್ಕ್‌ನಿಂದ ಆಕ್ಸ್, ಮಾಸ್ಕ್‌ನಿಂದ ಮಾಕ್ಸ್. ಇಂಗ್ಲಿಷರ ದೊಡ್ಡ ಕವಿಯ ನಾಲಗೆ ಮಾಡಿದ್ದನ್ನೇ ನಿಮ್ಮ ಅತ್ತೆಯ ನಾಲಗೆಯೂ ಮಾಡಿದೆ.

ಹೊರಗಿನ ಶಬ್ದಗಳನ್ನು ಹೀಗೆ ನಮ್ಮ ಬಾಯಿಗೆ ಒಗ್ಗಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ಮರ್ಯಾದೆಯ ಹೆಸರೇ ಇದೆ, ತದ್ಭವ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಸಂಸ್ಕೃತದ ಸ್ನೇಹ ನಮ್ಮಲ್ಲಿ ನೇಹ, ಸ್ಥಾನ ತಾಣ, ಯಾತ್ರೆ ಜಾತ್ರೆ, ಪುಸ್ತಕ ಹೊತ್ತಗೆ. ಸ್ಥಾನದ ಸ-ಕಾರ ಬಿದ್ದು ತಾಣ ಆದರೆ ಅದು ಸೊಗಸಾದ ತದ್ಭವ; ಸ್ಟೇಶನ್ನಿನ ಸ-ಕಾರ ಬಿದ್ದು ‘ಟೇಶನ್’ ಆದರೆ ಅದು ಹಳ್ಳಿಯವರ ತಪ್ಪು. ಈ ಎರಡು ಅಳತೆಗೋಲು ಯಾಕೆ? ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ. ಜಾತ್ರೆ ಎಂದು ಹೇಳಿದ್ದಕ್ಕೆ ಯಾವ ಮಗುವೂ ಅಜ್ಜಿಯನ್ನು ತಿದ್ದುವುದಿಲ್ಲ.

ಬೋರ್ಡೊ, ಬೋರ್ಡೆಕ್ಸ್ ಪ್ರಶ್ನೆಗೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ಕಿವಿ, ಕಣ್ಣು ಎರಡರ ಜಗಳವೂ ಇದೆ. ಬೋರ್ಡೊ ಎಂಬುದು ಫ್ರಾನ್ಸಿನ ಒಂದು ಊರು, ದ್ರಾಕ್ಷಿ ತೋಟಗಳ ಸೀಮೆ. ಅಲ್ಲಿನ ಸಸ್ಯವಿಜ್ಞಾನಿ ಮಿಯಾರ್ದೆ 1885ರಲ್ಲಿ ದ್ರಾಕ್ಷಿಯ ಬೂಸ್ಟು ರೋಗಕ್ಕೆ ಮೈಲುತುತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ. ಊರಿನ ಹೆಸರೇ ಮದ್ದಿಗೆ ನಿಂತಿತು. 20ನೇ ಶತಮಾನದ ಸುರುವಿನಲ್ಲಿ ಮೈಸೂರು ಸರಕಾರದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಇಂದಿಗೂ ನಾವು ಮಹಾಳಿಗೆ, ಅಂದರೆ ಆ ಕೊಳೆರೋಗಕ್ಕೆ, ಬಿಡುವುದು ಅದನ್ನೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು.

ಈಗ ಉಚ್ಚಾರ. ಆ ಊರಿನ ಹೆಸರನ್ನು ಬರೆಯುವಾಗ ಕೊನೆಗೆ ಇ, ಎ, ಯು, ಎಕ್ಸ್ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಬರುತ್ತವೆ. ಫ್ರೆಂಚರು ಆ ನಾಲ್ಕನ್ನೂ ಸೇರಿಸಿ ಒಂದು ‘ಓ’ ಎಂದು ಮಾತ್ರ ಹೇಳುತ್ತಾರೆ. ಅವರ ಬಾಯಲ್ಲಿ ಊರು ‘ಬೊರ್ದೊ’. ನಿಮ್ಮ ಯಜಮಾನರು ಓದಿದವರು. ಕರಪತ್ರವನ್ನೋ ಪುಸ್ತಕವನ್ನೋ ನೋಡಿ ಎಕ್ಸ್ ಅಕ್ಷರವನ್ನು ಕಂಡು ಅದನ್ನು ಬಿಡದೆ ಓದಿದರು. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದಬೇಕು ಎಂದು ಕಲಿತವರಿಗೆ ಅದೇ ಸಹಜ. ಮದ್ದು ಬಿಡಲು ಬರುವವರು ಅಕ್ಷರ ನೋಡಿಲ್ಲ, ಹಿರಿಯರಿಂದ ಹಿರಿಯರಿಗೆ ಕಿವಿಯಲ್ಲೇ ಬಂದದ್ದನ್ನು ಹೇಳುತ್ತಾರೆ, ಮರದ ತುದಿಯಲ್ಲಿ ಕೂತು ‘ಬೋರ್ಡೊ ಮುಗ್ದ್‌ಂಡ್’ ಎಂದು ಕೆಳಗಿನವರಿಗೆ ಕೂಗುವಾಗ ಫ್ರಾನ್ಸಿನ ಉಚ್ಚಾರಕ್ಕೆ ಹತ್ತಿರ ಇರುವವರು ಅವರೇ.

ಆದರೆ ಯಜಮಾನರನ್ನೂ ತಿದ್ದಬೇಡಿ. ಇಂಗ್ಲಿಷಿನ ಬರವಣಿಗೆ ಓದುವವರನ್ನು ದಾರಿ ತಪ್ಪಿಸುವಂತೆಯೇ ಇದೆ. ಸಾಲ ಎಂಬ ಅರ್ಥದ ‘ಡೆಟ್’ ಶಬ್ದದಲ್ಲಿ ಒಂದು ಬ-ಕಾರವನ್ನು ಬರೆಯುತ್ತಾರೆ, ಹೇಳುವುದಿಲ್ಲ. ಅದು ಹಿಂದೆ ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ವಿದ್ವಾಂಸರು ಆಮೇಲೆ ತುರುಕಿದ್ದು. ನಲ್ಲಿ ರಿಪೇರಿಯವರನ್ನು ‘ಪ್ಲಂಬರ್’ ಎಂದು ಬ-ಕಾರ ಸೇರಿಸಿ ಕರೆಯುವ ನಮ್ಮವರು, ರಶೀದಿಗೆ ‘ರೆಸಿಪ್ಟ್’ ಅನ್ನುವ ನಮ್ಮ ಅಪ್ಪಂದಿರು, ಇವರೆಲ್ಲ ಅಕ್ಷರವನ್ನು ನಂಬಿದವರು. ನಂಬಿಸಿದವರದ್ದು ತಪ್ಪು.

ಇನ್ನೊಂದು ಸಂಗತಿಯನ್ನು ಮೊಮ್ಮಗನಿಗೆ ತೋಟದಲ್ಲೇ ನಿಂತು ಹೇಳಿ. ಅಡಿಕೆಗೆ ಇಂಗ್ಲಿಷಿನಲ್ಲಿ ಅರೆಕ ಅನ್ನುತ್ತಾರೆ. ಅದು ಇಂಗ್ಲಿಷ್ ಶಬ್ದವಲ್ಲ, ನಮ್ಮ ಕರಾವಳಿಯದ್ದೇ. ಪೋರ್ಚುಗೀಸರು 1498ರಲ್ಲಿ ಈ ತೀರಕ್ಕೆ ಬಂದ ಮೇಲೆ ಮಲಯಾಳದ ‘ಅಡಯ್ಕ್ಕ’ವನ್ನು ಕೇಳಿದರು. ನಡುವಿನ ವ್ಯಂಜನ ಅವರ ನಾಲಗೆಗೆ ಬರಲಿಲ್ಲ, ರ-ಕಾರ ಮಾಡಿಕೊಂಡರು. ಅದನ್ನೇ ಇಂಗ್ಲಿಷಿನವರು ತಗೊಂಡರು. ಹಲಸಿಗೆ ಮಲಯಾಳದಲ್ಲಿ ಹೇಳುವ ಚಕ್ಕ ಅವರ ಬಾಯಲ್ಲಿ ಜಾಕ್ ಆಯಿತು, ಕೊಬ್ಬರಿಯ ಕೊಪ್ಪರ ಕೋಪ್ರಾ ಆಯಿತು, ಹಗ್ಗದ ಕಯರು ಕಾಯಿರ್ ಆಯಿತು. ನಮ್ಮ ಹಿತ್ತಿಲಿನ ಶಬ್ದಗಳನ್ನು ಅವರ ಬಾಯಿಗೆ ಒಗ್ಗುವಂತೆ ಮಾಡಿಕೊಂಡು ಅವರು ನಿಘಂಟಿನಲ್ಲಿ ಬರೆದಿಟ್ಟರು, ಯಾರೂ ಅವರನ್ನು ನಿಲ್ಲಿಸಿ ‘ಅಡಯ್ಕ್ಕ ಎಂದು ಸರಿಯಾಗಿ ಹೇಳು’ ಎನ್ನಲಿಲ್ಲ.

ನನ್ನನ್ನು ನಿಲ್ಲಿಸಿದ್ದರು. ಕಾಲೇಜಿಗೆ ಸೇರಿದ ಮೊದಲ ವಾರ. ಊರಿನಿಂದ ದೂರದ ಒಂದು ಕಾಲೇಜು. ತರಗತಿಯಲ್ಲಿ ಒಂದು ಪಾಠ ಓದುತ್ತ ನಾನು ‘ಬೇಂಕ್’ ಎಂದೆ. ಪಾಠ ಮಾಡುತ್ತಿದ್ದವರು ನನ್ನನ್ನು ಎದ್ದು ನಿಲ್ಲಿಸಿ ಅದೊಂದೇ ಶಬ್ದವನ್ನು ಹತ್ತು ಸಲ ಹೇಳಿಸಿದರು. ಹತ್ತನೆಯ ಸಲಕ್ಕೆ ಅವರಿಗೆ ಬೇಕಾದ ಹಾಗೆ ಬಂತು. ಆದರೆ ಆಮೇಲೆ ಆ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಿಮ್ಮ ಪತ್ರದಲ್ಲಿ ಅತ್ತೆ ಮಾತು ಕಡಿಮೆ ಮಾಡಿದ್ದಾರೆ ಎಂಬ ಸಾಲನ್ನು ಓದಿದಾಗ ನನಗೆ ಆ ಬೆಂಚು ನೆನಪಾಯಿತು.

ಮಕ್ಕಳಿಗೆ ಯಾವುದನ್ನು ಕಲಿಸಬೇಕು ಎಂದು ಕೇಳಿದ್ದೀರಿ. ಎರಡನ್ನೂ. ಮಕ್ಕಳಿಗೆ ಇದು ಭಾರವೇ ಅಲ್ಲ. ನಿಮ್ಮೂರಿನ ಮಗು ಅಂಗಳದಲ್ಲಿ ಹವ್ಯಕ, ತೋಟದಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ ಮಾತಾಡುತ್ತ ಒಂದರೊಳಗೊಂದು ಕಲಸದೆ ಬೆಳೆಯುತ್ತದೆ. ಅಂಥ ಮಗುವಿಗೆ ಕನ್ನಡ ವಾಕ್ಯದೊಳಗೆ ಬೇಂಕು, ಇಂಗ್ಲಿಷ್ ವಾಕ್ಯದೊಳಗೆ ಆ ನಡುವಿನ ಸ್ವರ, ಇಷ್ಟು ಕಷ್ಟವೇ? ಇಂಗ್ಲಿಷ್ ಆಡುವಾಗ ಕೇಳುವವರಿಗೆ ಅರ್ಥವಾಗಬೇಕು, ಅದಕ್ಕೆ ಬೇಕಾದ್ದನ್ನು ಕಲಿಸಿ. ಸ, ಶ ಬೇರೆ ಮಾಡುವುದು, ಫ-ಕಾರಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಗಿಸುವುದು, ಶಬ್ದದ ಯಾವ ಭಾಗಕ್ಕೆ ಬಲ ಎಂದು ನೋಡುವುದು. ಇವುಗಳಲ್ಲಿ ಬಲವೇ ಮುಖ್ಯ. ಸ್ವರ ಸ್ವಲ್ಪ ಆಚೀಚೆಯಾದರೆ ಅರ್ಥ ಕೆಡುವುದಿಲ್ಲ, ಬಲ ತಪ್ಪಿದರೆ ಕೇಳುವವರು ಶಬ್ದವನ್ನೇ ಗುರುತಿಸದೆ ಹೋಗಬಹುದು. ಲಂಡನ್ನಿನವರಂತೆಯೋ ಅಮೆರಿಕದವರಂತೆಯೋ ಕೇಳಿಸಬೇಕೆಂಬ ಹಟ ಬೇಡ. ಇಂಗ್ಲೆಂಡಿನ ಒಳಗೇ ತೆಂಕಿನವರು ಸ್ನಾನಕ್ಕೆ ‘ಬಾತ್’ ಎಂದು ಎಳೆದರೆ ಬಡಗಿನವರು ಅದನ್ನು ಗಿಡ್ಡ ಮಾಡುತ್ತಾರೆ. ತೆಂಕಿನ ಇಂಗ್ಲಿಷರು ‘ಕಾರ್’ ಎಂಬುದರ ರ-ಕಾರವನ್ನು ಹೇಳುವುದೇ ಇಲ್ಲ, ಸ್ಕಾಟ್ಲೆಂಡಿನವರು ನಮ್ಮಂತೆ ಗಟ್ಟಿಯಾಗಿ ಹೇಳುತ್ತಾರೆ. ಹಿಂದಕ್ಕೆ ಹೋದರೆ ಇನ್ನೂ ಬೇರೆ. ಹೆಸರು ಎಂಬುದಕ್ಕೆ ಈಗ ‘ನೇಮ್’ ಅನ್ನುತ್ತಾರಲ್ಲ, ಚಾಸರನ ಕಾಲದಲ್ಲಿ ಅದರ ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ನಾಮ’.

ಕನ್ನಡ ಮಾತಿನೊಳಗೆ ಮಾತ್ರ ಮನೆಯ ಉಚ್ಚಾರವೇ ನಡೆಯಲಿ. ‘ಎನಗೆ ಬೇಂಕಿಂಗೆ ಹೋಪಲಿದ್ದು’ ಎಂಬ ವಾಕ್ಯದೊಳಗೆ ಲಂಡನ್ನಿನ ಬ್ಯಾಂಕನ್ನು ತಂದಿಟ್ಟರೆ ಆ ‘ಇಂಗೆ’ ಅದಕ್ಕೆ ಅಂಟುವುದಿಲ್ಲ. ಹೇಳಿ ನೋಡಿ, ನಿಮ್ಮ ನಾಲಗೆಗೇ ಗೊತ್ತಾಗುತ್ತದೆ.

ಮೊಮ್ಮಗನನ್ನು ಗದರಬೇಡಿ. ಅವನು ವ್ಯತ್ಯಾಸವನ್ನು ಕೇಳಿಸಿಕೊಂಡಿದ್ದಾನೆ, ಒಳ್ಳೆಯ ಕಿವಿಯ ಹುಡುಗ. ಆ ಕಿವಿಗೆ ಕೆಲಸ ಕೊಡಿ. ಬರುವ ರಜೆಯಲ್ಲಿ ಅವನ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು ಮುದಿಅಜ್ಜಿಯ ಹತ್ತಿರ ಕೂರಿಸಿ. ಶಬ್ದವನ್ನು ಅಜ್ಜಿ ಹೇಳಿದಂತೆಯೇ ಬರೆಯಬೇಕು, ಮಾಕ್ಸು ಎಂದರೆ ಮಾಕ್ಸು. ಶಬ್ದ ಮಾತ್ರ ಸಾಲದು, ಅದು ಬಂದ ವಾಕ್ಯವನ್ನೂ ಪೂರ್ತಿ ಬರೆಯಬೇಕು. ಯಾರಿಂದ ಕಲಿತದ್ದು, ಮೊದಲು ಎಲ್ಲಿ ಕೇಳಿದ್ದು ಎಂದು ಕೇಳಬೇಕು. ಫೋನಿನಲ್ಲಿ ಧ್ವನಿಯನ್ನೂ ಹಿಡಿದಿಟ್ಟುಕೊಳ್ಳಲಿ, ಬರವಣಿಗೆಯಲ್ಲಿ ಸಿಗದ ಎಳೆತಗಳು ಅದರಲ್ಲಿ ಸಿಗುತ್ತವೆ. ಆಮೇಲೆ ಅದೇ ಶಬ್ದಗಳನ್ನು ಟೀಚರ ಮನೆಗೆ ಹೋಗಿ ಕೇಳಲಿ, ತೋಟದವರನ್ನು ಕೇಳಲಿ. ಮೂರು ಸಾಲು ಮಾಡಿ ಪಕ್ಕಪಕ್ಕ ಬರೆಯಲಿ.

ನನ್ನ ಅಮ್ಮನ ಇಂಥ ಒಂದು ಪುಸ್ತಕ ನನ್ನಲ್ಲಿದೆ, ಬಹಳ ತಡವಾಗಿ ಸುರು ಮಾಡಿದ್ದು, ಹನ್ನೊಂದು ಪುಟಕ್ಕೆ ನಿಂತಿದೆ. ಮಾದರಿಗೆ ಅದರ ಮೊದಲ ನಮೂದನ್ನು ಹಾಗೆಯೇ ಇಳಿಸುತ್ತೇನೆ. ‘ಪ್ಲಾಕ್ಸು. ಚಾ ಬಿಸಿ ಇಡುವ ಫ್ಲಾಸ್ಕ್. ಫ ಹೋಗಿ ಪ, ಸ್ಕ ಹೋಗಿ ಕ್ಸ, ಕೊನೆಗೆ ಉ. ವಾಕ್ಯ: ಆ ಪ್ಲಾಕ್ಸು ತೆಗದು ಕೊಡು ಮಗಾ. ಮೊದಲು ಕೇಳಿದ್ದು: ತಂಗಿ ಹುಟ್ಟಿದಾಗ ಆಸ್ಪತ್ರೆಯಲ್ಲಿ, ಪಕ್ಕದ ಮಂಚದವರ ಬಾಯಿಂದ.’

ನಿಮ್ಮ ಅತ್ತೆ ಹೆಲಿಕಾಪ್ಟರಿಗೆ ಏನೆನ್ನುತ್ತಾರೆ ಎಂದು ಕೇಳಿ ನನಗೂ ಬರೆಯಿರಿ. ಅಮ್ಮನನ್ನು ಅದೊಂದು ಕೇಳಿರಲಿಲ್ಲ.